ಲಾರಿ ಹತ್ತದ ದಾರಿಗಳು

ಮಂಗಳೂರು ಬಂದರಿನಿಂದ ಬೆಂಗಳೂರಿನ ಕಡೆ ಹೊರಟ ಟ್ಯಾಂಕರ್, ಕಂಟೇನರ್, ಸರಕು ಲಾರಿಗಳು ಬಹುಪಾಲು ಶಿರಾಡಿ ಘಾಟಿಯನ್ನೇ ಹತ್ತುತ್ತವೆ. ಅವು ಅಲ್ಲಿ ಹತ್ತುವುದರಿಂದಲೇ ಅದರ ದಕ್ಷಿಣಕ್ಕಿರುವ ಬಿಸಿಲೆ ಘಾಟಿಯಲ್ಲಿ ಸೈಕಲ್ ತುಳಿಯುವವರಿಗೆ ತಮ್ಮ ಉಸಿರು ತಮಗೆ ಕೇಳಿಸುತ್ತದೆ. ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದದಿಂದ ಮೇಲೆ ಹೊರಡುವ ಈ ಕಿರಿದಾದ ಕಾಂಕ್ರೀಟ್ ರಸ್ತೆ ಮೀಸಲು ಅರಣ್ಯದೊಳಗೆ ನುಗ್ಗಿದ ಮೇಲೆ ಅಂಗಡಿಯಿಲ್ಲ, ಮನೆಯಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಮರದ ನೆರಳು, ಹಳ್ಳದ ಸದ್ದು, ಅಪರೂಪಕ್ಕೊಂದು ಜೀಪು. ಕೆಳಗಿನ ಸೆಖೆ ಒಂದೊಂದೇ ತಿರುವಿಗೆ ಇಳಿಯುತ್ತ ಹೋಗಿ, ಬಿಸಿಲೆಯ ನೋಟದ ತಾಣ ತಲುಪುವ ಹೊತ್ತಿಗೆ ಬೆವರಿದ ಬೆನ್ನಿಗೆ ಗಾಳಿ ತಣ್ಣಗೆ ತಾಗುತ್ತದೆ. ಎದುರಿಗೆ 1,712 ಮೀಟರ್ ಎತ್ತರದ ಕುಮಾರಪರ್ವತ.

ಮಲೆನಾಡಿನಲ್ಲಿ ವರ್ಷಗಳಿಂದ ಸೈಕಲ್ ತುಳಿಯುತ್ತಿರುವ ನನಗೆ ಮನದಟ್ಟಾಗಿರುವ ಸಂಗತಿಯೊಂದಿದೆ. ಇಲ್ಲಿನ ಯಾವ ರಸ್ತೆಯೂ ತಾನಾಗಿಯೇ ಖಾಲಿಯಾಗಿಲ್ಲ. ಒಂದು ಕಡೆ ಗಣಿ ಮುಚ್ಚಿದೆ, ಒಂದು ಕಡೆ ಊರು ನೀರಿನಲ್ಲಿ ಮುಳುಗಿದೆ, ಒಂದು ಕಡೆ ರಾಜಧಾನಿಯೇ ಬಿದ್ದಿದೆ, ಇನ್ನೊಂದು ಕಡೆ ಬಸ್ಸು ನಿಂತು ಹೋಗಿದೆ. ನಾವು ನೆಮ್ಮದಿ ಎಂದು ಸವಿಯುವ ರಸ್ತೆಯಲ್ಲಿ ಯಾರಿಗೋ ಏನೋ ಆಗಿ ಹೋಗಿದೆ. ಅದನ್ನು ತಿಳಿದುಕೊಂಡು ಹೊರಟರೆ ದಾರಿ ಆರಿಸುವುದೂ ಸುಲಭ, ತುಳಿಯುವ ರೀತಿಯೂ ಬೇರೆಯಾಗುತ್ತದೆ. ಸೈಕಲ್ ಪ್ರವಾಸದ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆಯೆಲ್ಲ ಎಷ್ಟು ಎತ್ತರ, ಎಷ್ಟು ವೇಗ ಎಂಬಲ್ಲೇ ನಿಂತುಬಿಡುತ್ತದೆ. ಮುಳ್ಳಯ್ಯನಗಿರಿ ಹತ್ತಿದ ಫೋಟೊ, ಆಗುಂಬೆಯ 14 ತಿರುವುಗಳ ವಿಡಿಯೊ. ನನಗೆ ಹೇಳಬೇಕಾಗಿರುವುದು ಘಾಟಿ ಹತ್ತಿದ ಮೇಲೆ ಶುರುವಾಗುವ ದಾರಿಯ ಬಗ್ಗೆ. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣದಿಂದ ಹೊರಟು, ಬಿಸಿಲೆ ಹತ್ತಿ, ಸಹ್ಯಾದ್ರಿಯ ನೆತ್ತಿಯ ಮೇಲೇ ಉತ್ತರಕ್ಕೆ ಸಾಗಿ, ಸಾಗರದ ರೈಲು ನಿಲ್ದಾಣದಲ್ಲಿ ಮುಗಿಯುವ ದಾರಿ ಅದು.

ಬಿಸಿಲೆ ಹತ್ತಿದ ಮೇಲೆ ಸಕಲೇಶಪುರದ ಕಡೆ ಸಾಗುವಾಗ ಮಂಕನಹಳ್ಳಿಯ ಹತ್ತಿರ ದಿಣ್ಣೆಯ ಮೇಲೊಂದು ಗುರುತಿನ ಕಲ್ಲಿದೆ. ಅದರ ಒಂದು ಪಕ್ಕ ಬಂಗಾಳ ಕೊಲ್ಲಿಯ ಹೆಸರು, ಇನ್ನೊಂದು ಪಕ್ಕ ಅರಬ್ಬಿ ಸಮುದ್ರದ್ದು. ಈ ಬದಿಗೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಯ ಜೊತೆ ಪೂರ್ವಕ್ಕೆ ಹೋಗುತ್ತದೆ, ಆ ಬದಿಯದು ಕುಮಾರಧಾರೆ, ನೇತ್ರಾವತಿಗಳ ಮೂಲಕ ಮಂಗಳೂರಿಗೆ ಇಳಿಯುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ಕಲ್ಲು ಮಾತ್ರ. ಕೆಳಗಿನಿಂದ ತುಳಿದು ಬಂದವರ ಕಾಲಿಗೆ ಇದರ ಅರ್ಥ ಆಗುತ್ತದೆ. ಅಲ್ಲಿಯವರೆಗೆ ದಾರಿ ತಡೆದು ನಿಂತಿದ್ದ ಇಳಿಜಾರು ಅಲ್ಲಿಂದ ಮುಂದೆ ನಮ್ಮ ಕಡೆಗೆ ತಿರುಗುತ್ತದೆ. ಈ ಭಾಗದಲ್ಲಿ ಆನೆಗಳ ಓಡಾಟ ಜಾಸ್ತಿ. ಸಕಲೇಶಪುರ, ಆಲೂರು, ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಆನೆ ದಿನದ ಮಾತಾಗಿದೆ. ಆದ್ದರಿಂದ ಬೆಳಕು ಹರಿದ ಮೇಲೆ ಹೊರಟು, ಸಂಜೆ ಐದರೊಳಗೆ ಸೂರು ಸೇರಬೇಕು. ತೋಟದ ಕೆಲಸಗಾರರು ‘ಇವತ್ತು ಆ ಕಡೆ ಬೇಡ’ ಎಂದರೆ ಬೇಡವೇ. ಅವರ ಮಾತಿನ ಮುಂದೆ ಯಾವ ನಕ್ಷೆಯೂ ದೊಡ್ಡದಲ್ಲ.

ಇನ್ನು ಮುಂದಿನದು ಮಲೆನಾಡಿನ ನಿಜವಾದ ಪರೀಕ್ಷೆ. ಘಾಟಿ ಹತ್ತಿದರೆ ಕಷ್ಟ ಮುಗಿಯಿತು ಎಂದುಕೊಂಡು ಬಯಲುಸೀಮೆಯಿಂದ ಬಂದವರು ಎರಡನೆಯ ದಿನವೇ ಸುಸ್ತಾಗುತ್ತಾರೆ. ಇಲ್ಲಿನ ಊರುದಾರಿಗಳು ಹಾವು ಏಣಿಯ ಆಟದಂತೆ. ಪ್ರತಿ ಹಳ್ಳಕ್ಕೂ ಇಳಿಯಬೇಕು, ದಾಟಿದ ಕೂಡಲೇ ಅಷ್ಟನ್ನೂ ಹತ್ತಬೇಕು. ತಳದಲ್ಲಿ ಹೊಳೆ, ಹೊಳೆಯ ಪಕ್ಕ ಗದ್ದೆ, ಗದ್ದೆಯ ಮೇಲೆ ಅಡಿಕೆ ತೋಟ, ತೋಟದ ತಲೆಗೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ರಸ್ತೆ ಇವೆಲ್ಲವನ್ನೂ ಒಂದೊಂದಾಗಿ ದಾಟಿಸಿ, ನೆತ್ತಿಯ ಮೇಲೆ ನಿಲ್ಲಿಸಿ, ಮತ್ತೊಂದು ಹೊಳೆಗೆ ಇಳಿಸುತ್ತದೆ. ಒಂದೇ ಒಂದು ಘಾಟಿಯನ್ನೂ ಮುಟ್ಟದೆ 60 ಕಿಲೋಮೀಟರ್ ತುಳಿದ ದಿನದ ಒಟ್ಟು ಏರು 1,000 ಮೀಟರ್ ಮೀರುವುದು ಇಲ್ಲಿ ಸಾಮಾನ್ಯ.

ಆದ್ದರಿಂದಲೇ ಗೇರಿನ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮುಂದೆ 22 ಹಲ್ಲಿನ ಚಕ್ರ, ಹಿಂದೆ 34 ಹಲ್ಲಿನ ಚಕ್ರ ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಸುಮಾರು 1.4 ಮೀಟರ್ ಮಾತ್ರ ಮುಂದೆ ಹೋಗುತ್ತದೆ. ನಮ್ಮ ಹಳೆಯ ಕರಿ ಸೈಕಲ್ಲಿನಲ್ಲಿ ಅದೇ ಒಂದು ಸುತ್ತಿಗೆ ಐದು ಮೀಟರಿಗೂ ಮಿಕ್ಕಿ. ಹೊರೆ ಹೊತ್ತ ಸೈಕಲ್ಲನ್ನು ಕುಳಿತಲ್ಲೇ ಕುಳಿತು, ಮಾತಾಡುತ್ತ ಹತ್ತಿಸಬೇಕಾದರೆ ಆ 1.4 ಮೀಟರ್ ಬೇಕೇ ಬೇಕು. ಅಂಗಡಿಯಲ್ಲಿ ಹೊಳೆಯುವ ರೇಸ್ ಸೈಕಲ್ಲುಗಳು ಇಷ್ಟು ಕೆಳಗಿನ ಗೇರು ಕೊಡುವುದಿಲ್ಲ, ಇಲ್ಲಿಗೆ ಅವು ಸಲ್ಲವು. ಸೈಕಲ್ ಪ್ರವಾಸಕ್ಕೆ ಬದಲಾಗುವ ಗೇರು ಬೇಕೆಂದು ಇಡೀ ಬದುಕು ವಾದಿಸಿದವನು ಫ್ರಾನ್ಸಿನ ಸೇಂಟ್ ಎಟಿಯೆನ್ ಊರಿನ ಪಾಲ್ ದ ವಿವೀ (1853–1930). ‘ವೆಲೋಸಿಯೋ’ ಎಂಬ ಹೆಸರಿನಲ್ಲಿ ಬರೆಯುತ್ತ, ಪತ್ರಿಕೆ ನಡೆಸುತ್ತ, ತನ್ನೂರಿನ ಬೆಟ್ಟಗಳನ್ನು ಹತ್ತುತ್ತ ಅದನ್ನು ಸಾಧಿಸಿ ತೋರಿಸಿದ. ಆದರೂ ಟೂರ್ ದ ಫ್ರಾನ್ಸ್ ಪಂದ್ಯದವರು ಗೇರು ಬದಲಿಸುವ ಡಿರೇಲರ್‌ಗೆ ಒಪ್ಪಿಗೆ ಕೊಟ್ಟದ್ದು 1937ರಲ್ಲಿ, ಅವನು ತೀರಿಕೊಂಡು ಏಳು ವರ್ಷಗಳಾದ ಮೇಲೆ. ಪಂದ್ಯದವರ ಅಳತೆ ಬೇರೆ, ಪ್ರವಾಸಿಯ ಅಳತೆ ಬೇರೆ ಎಂಬುದು ಅಂದಿನಿಂದಲೂ ಹೀಗೆಯೇ. 40 ಮಿಲಿಮೀಟರ್ ಸುಮಾರಿನ ದಪ್ಪ ಟೈರು ಮತ್ತು ಒದ್ದೆಯಲ್ಲೂ ಹಿಡಿಯುವ ಡಿಸ್ಕ್ ಬ್ರೇಕ್ ಇದ್ದರೆ ಮಿಕ್ಕದ್ದೆಲ್ಲ ನಡೆಯುತ್ತದೆ.

ಸಕಲೇಶಪುರದಿಂದ ಹಾನುಬಾಳಿನ ಕಡೆಯ ಒಳದಾರಿ ಹಿಡಿದು ಮೂಡಿಗೆರೆ ಸೀಮೆಗೆ ಬಂದರೆ ಸ್ವಲ್ಪ ದೂರ ಚಾರ್ಮಾಡಿಗೆ ಹೋಗುವ ಹೆದ್ದಾರಿಯ ಜೊತೆ ಇರಬೇಕಾಗುತ್ತದೆ. ಅದನ್ನು ಬೇಗ ಮುಗಿಸಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮನಸ್ಸಿದ್ದರೆ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನದ ಅಂಗಳಕ್ಕೆ ಹೋಗಿ ಬಂದು, ಕೆಳಗೂರಿನ ರಸ್ತೆಗೆ ತಿರುಗಿಕೊಳ್ಳಿ. ಕಾಫಿ ಮುಗಿದು ಚಹಾ ತೋಟ ಶುರುವಾಗುತ್ತದೆ. ಸಂಸೆ ದಾಟಿದರೆ ಕಳಸ.

ಕಳಸದಿಂದ ಕುದುರೆಮುಖದವರೆಗೆ ಭದ್ರಾ ನದಿ ರಸ್ತೆಯ ಜೊತೆಗೇ ಇರುತ್ತದೆ. ಕರ್ನಾಟಕದಲ್ಲಿ ಸೈಕಲ್ ತುಳಿಯಲು ಇದಕ್ಕಿಂತ ಚೆಲುವಾದ ರಸ್ತೆಯನ್ನು ನಾನು ಕಂಡಿಲ್ಲ. ಏರು ಹಿತವಾಗಿದೆ, ಟಾರು ಚೆನ್ನಾಗಿದೆ, ಎರಡೂ ಕಡೆ ಹುಲ್ಲು ಹೊದ್ದ ಬೆಟ್ಟಗಳ ಮಡಿಕೆಗಳಲ್ಲಿ ಶೋಲಾ ಕಾಡು. ಇಷ್ಟು ಒಳ್ಳೆಯ ರಸ್ತೆ ಇಷ್ಟು ಖಾಲಿ ಇರುವುದು ಏಕೆಂಬುದಕ್ಕೆ ಉತ್ತರ ಕುದುರೆಮುಖ ಪಟ್ಟಣದಲ್ಲೇ ಸಿಗುತ್ತದೆ. ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಬೆಟ್ಟವನ್ನು ಬಗೆದು, ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಅರೆದು ಉಳಿದ ಕೆಸರು ನಿಲ್ಲಿಸಲು ಲಕ್ಯಾ ಅಣೆಕಟ್ಟೆ. ಸಾವಿರಾರು ಜನರ ಊರು, ಶಾಲೆ, ಆಸ್ಪತ್ರೆ, ಮೈದಾನ ಎಲ್ಲ ಎದ್ದು ನಿಂತವು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೆ ಸೇರುತ್ತಿತ್ತು. 1987ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾದರೂ ಗಣಿ ನಿಲ್ಲಲಿಲ್ಲ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು.

ಇವತ್ತು ಆ ಪಟ್ಟಣದ ಬೀದಿಗಳಲ್ಲಿ ಸೈಕಲ್ ಹೊಡೆದರೆ ಸಾಲು ಸಾಲು ಖಾಲಿ ಮನೆಗಳು, ಗೋಡೆಯ ಬಿರುಕಿನಲ್ಲಿ ಬೆಳೆದ ಗಿಡಗಳು. ಗಣಿ ನಿಂತದ್ದು ಸರಿಯೇ ಆಯಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇಲ್ಲಿ ಹುಟ್ಟಿ, ಇಲ್ಲೇ ಓದಿ, ಅಪ್ಪನ ಕೆಲಸ ಹೋದ ಮೇಲೆ ಊರನ್ನೇ ಬಿಟ್ಟವರು ಮಂಗಳೂರು, ಬೆಂಗಳೂರುಗಳಲ್ಲಿ ಇದ್ದಾರೆ. ಅವರಲ್ಲಿ ಕೆಲವರು ಮಕ್ಕಳನ್ನು ಕರೆತಂದು ತಮ್ಮ ಹಳೆಯ ಕ್ವಾರ್ಟರ್ಸ್ ತೋರಿಸುತ್ತ ನಿಂತಿರುವುದನ್ನು ಕಂಡಾಗ ರಸ್ತೆ ಖಾಲಿ ಇರುವ ಖುಷಿಯನ್ನು ಜೋರಾಗಿ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ಕುದುರೆಮುಖದಿಂದ ಮುಂದಿನದು ರಾಷ್ಟ್ರೀಯ ಉದ್ಯಾನದೊಳಗಿನ ದಾರಿ. ಚೆಕ್‌ಪೋಸ್ಟಿನಲ್ಲಿ ವಾಹನಗಳಿಗೆ ಹೊತ್ತು ನಮೂದಿಸಿದ ಚೀಟಿ ಕೊಡುತ್ತಾರೆ, ಗೊತ್ತುಪಡಿಸಿದ ಸಮಯದೊಳಗೆ ಆಚೆಯ ಗೇಟು ದಾಟಬೇಕು, ನಡುವೆ ಬೇಕೆಂದಲ್ಲಿ ನಿಲ್ಲುವಂತಿಲ್ಲ. ಸೈಕಲ್ಲಿನವರು ತಮ್ಮ ವೇಗವನ್ನು ಮೊದಲೇ ಹೇಳಿ, ಅನುಮತಿ ಕೇಳಿಕೊಂಡೇ ಹೊರಡಬೇಕು. ಕಟ್ಟುಪಾಡು ಎಂದು ಬೇಸರಿಸುವವರಿದ್ದಾರೆ. ನನಗಂತೂ ಆ ಚೀಟಿಯ ಬಗ್ಗೆ ಗೌರವವಿದೆ. ಈ ರಸ್ತೆ ಜಾತ್ರೆಯಾಗದೆ ಉಳಿದಿರುವುದು ಅದರಿಂದಲೇ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಬೆಟ್ಟಗಳ ಪಕ್ಕದಲ್ಲಿ ಹಾದು, ಎಸ್.ಕೆ. ಬಾರ್ಡರ್ ಎಂದು ಎಲ್ಲರೂ ಕರೆಯುವ ಕೂಡುದಾರಿಯಲ್ಲಿ ಬಲಕ್ಕೆ ತಿರುಗಿದರೆ ಕೆರೆಕಟ್ಟೆ, ನೆಮ್ಮಾರು, ಶೃಂಗೇರಿ. ಅಷ್ಟರಲ್ಲಿ ಭದ್ರೆ ಬಿಟ್ಟು ತುಂಗೆ ಜೊತೆಯಾಗಿರುತ್ತಾಳೆ.

ಶೃಂಗೇರಿ, ಕೊಪ್ಪ, ಜಯಪುರ, ಬಾಳೆಹೊನ್ನೂರು ನಡುವಿನ ಒಳದಾರಿಗಳ ಹೆಸರು ಯಾವ ಪ್ರವಾಸಿ ಕೈಪಿಡಿಯಲ್ಲೂ ಇಲ್ಲ. ಇಲ್ಲಿ ನೋಡುವ ತಾಣಗಳೆಂದು ಏನೂ ಇಲ್ಲದಿರುವುದರಿಂದಲೇ ಎಲ್ಲವೂ ಕಾಣುತ್ತದೆ. ಅಕ್ಟೋಬರ್ ಕಳೆದ ಮೇಲೆ ಹೋದರೆ ಪ್ರತಿ ಅಂಗಳದಲ್ಲೂ ಅಡಿಕೆ. ಸುಲಿಯುವವರ ಮೆಟ್ಟುಗತ್ತಿಯ ಸದ್ದು, ಬೇಯುವ ಹಂಡೆಯ ಹೊಗೆ, ಚೊಗರಿನ ವಾಸನೆ ರಸ್ತೆಯವರೆಗೆ ಬರುತ್ತವೆ. ಸೈಕಲ್ಲಿನಲ್ಲಿ ಬಂದವರನ್ನು ‘ಯಾವೂರಾಯ್ತು?’ ಎಂದು ಕೇಳದೆ ಬಿಡುವ ಮನೆ ಇಲ್ಲ. ಆ ಪ್ರಶ್ನೆಯ ಹಿಂದೆಯೇ ಒಂದು ಲೋಟ ಮಜ್ಜಿಗೆಯೋ ಕಾಫಿಯೋ ಬರುತ್ತದೆ. ಕುಡಿಯದೆ ಮುಂದೆ ಹೋಗುವುದು ಸಲ್ಲದು.

ಈ ರಸ್ತೆಗಳಲ್ಲಿ ಓಡಾಡುತ್ತಿದ್ದ ಬಸ್ಸುಗಳನ್ನು ನೆನೆಯದೆ ಮುಂದೆ ಹೋಗುವುದೂ ಸಲ್ಲದು. ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ‘ಸಹಕಾರ ಸಾರಿಗೆ’ ಕಟ್ಟಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್‌ಗಳೇ ಮಾಲೀಕರು. ಬೇರೆ ಯಾವ ಬಸ್ಸೂ ಹೋಗದ ಮೂಲೆಗೆ ಅವರ ಬಸ್ಸು ಹೋಗುತ್ತಿತ್ತು. ವಿದ್ಯಾರ್ಥಿಗಳು, ಔಷಧ, ಪತ್ರಿಕೆ, ಗೊಬ್ಬರದ ಚೀಲ ಎಲ್ಲಕ್ಕೂ ಅದೇ ಗತಿ. 2020ರಲ್ಲಿ ಅದು ನಿಂತಿತು. ಡೀಸೆಲ್ ಬೆಲೆ ಒಂದು ಕಡೆ, ಮನೆಗೊಂದು ಬೈಕು ಇನ್ನೊಂದು ಕಡೆ. ಅದಕ್ಕಿಂತ ದೊಡ್ಡದೆಂದರೆ ಹತ್ತುವ ಜನವೇ ಕಡಿಮೆಯಾದದ್ದು. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು, ಕೆಲವು ಮನೆಗಳಿಗೆ ಬೀಗವೇ ಬಿದ್ದಿದೆ. ಹಳೆಯ ಬಸ್ ತಂಗುದಾಣದ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ಒಂದೂ ವಾಹನ ಬಾರದಿರುವುದು ಸೈಕಲ್ಲಿನವರಿಗೆ ಹಿತ. ಆಸ್ಪತ್ರೆಗೆ ಹೋಗಬೇಕಾದ ಅಜ್ಜಿಗೆ ಅದು ಹಿತವಲ್ಲ.

ಕೊಪ್ಪದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಕುಪ್ಪಳಿ. ಕವಿಮನೆ, ಕವಿಶೈಲಗಳನ್ನು ನೋಡಿದವರು ಬಹಳ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯನ ಜೊತೆ ಬೈಸಿಕಲ್ ಮಲೆನಾಡಿಗೆ ಬಂದಿಳಿಯುವುದನ್ನು ಓದಿದವರು ಮೇಗರವಳ್ಳಿಯ ಕಡೆ ತುಳಿಯುವಾಗ ಎರಡು ಪಟ್ಟು ಸುಖಪಡುತ್ತಾರೆ. ಆ ಸೀಮೆಯೇ ಇದು, ಆ ಕಾಡೇ ಇದು. ಆಗುಂಬೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸೂರ್ಯಾಸ್ತದ ಕಟ್ಟೆಯಲ್ಲಿ ವಾರಾಂತ್ಯದ ಸಂಜೆ ಕಾರುಗಳ ಸಂತೆ. ಮುಂಜಾನೆ ಸೋಮೇಶ್ವರದಿಂದ ಹತ್ತುವವರಿಗೆ ಆ ಘಾಟಿ ಈಗಲೂ ಚೆಂದ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಸೈಕಲ್ ತುಳಿಯುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ. ಆದರೆ ಧರೆ ಕುಸಿಯುವ ಕಾಲದಲ್ಲಿ ಘಾಟಿಗಳಿಗೆ ಹೋಗಿ ಎಂದು ನಾನು ಯಾರಿಗೂ ಹೇಳಲಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದ ಬೆಟ್ಟ ಹೇಗೆ ಜಾರಿತು, 2019ರಲ್ಲಿ ಚಾರ್ಮಾಡಿ ಹೇಗೆ ಕಿತ್ತುಕೊಂಡು ಹೋಯಿತು ಎಂಬುದು ಮರೆಯುವಂಥದ್ದಲ್ಲ. ಮಳೆ ನಿಂತ ಮೇಲೂ ಅಕ್ಟೋಬರ್ ಕಳೆಯುವವರೆಗೆ ನೆರಳಿನ ತಿರುವುಗಳಲ್ಲಿ ಪಾಚಿ ಇರುತ್ತದೆ, ಬ್ರೇಕು ಹಿಡಿದಿರೋ ಸೈಕಲ್ ಅಡ್ಡಡ್ಡ. ನವೆಂಬರ್‌ನಿಂದ ಜನವರಿಯವರೆಗೆ ಹೋಗಿ. ಕಾಫಿ ಹೂವಿನ ಪರಿಮಳದಲ್ಲೇ ತುಳಿಯಬೇಕೆಂಬ ಆಸೆಯಿದ್ದರೆ ಹೂಮಳೆ ಬೀಳುವ ಫೆಬ್ರುವರಿ, ಮಾರ್ಚ್ ತಿಂಗಳನ್ನು ಕಾಯಿರಿ.

ತೀರ್ಥಹಳ್ಳಿಯಿಂದ ಕವಲೇದುರ್ಗದ ಕಡೆ ಹೋಗಿ, ಯಡೂರು, ಮಾಸ್ತಿಕಟ್ಟೆಗಳ ಮೂಲಕ ನಗರ ತಲುಪುವ ದಾರಿ ಈ ಪ್ರವಾಸದ ಅತ್ಯಂತ ಏಕಾಂತದ ತುಂಡು. ಮಾಣಿ ಜಲಾಶಯದಲ್ಲಿ ನಿಂತ ವಾರಾಹಿ ನೀರು ಇಲ್ಲಿಂದ ಕೆಳಗಿಳಿದು ನೆಲದೊಳಗಿನ ವಿದ್ಯುದಾಗಾರವನ್ನು ನಡೆಸುತ್ತದೆ. ಅಲ್ಲಿಂದ ನಗರಕ್ಕೆ ಬಂದರೆ ರಸ್ತೆಯ ಬದಿಯಲ್ಲೇ ಕೋಟೆ. ಈಗಿನ ನಗರ ಚಿಕ್ಕ ಊರು. ಆದರೆ ಇದು ಕೆಳದಿ ಅರಸರ ಬಿದನೂರು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯನ್ನು ಅಳೆಸಿ, ಇಳುವರಿ ನೋಡಿ ಕಂದಾಯ ಗೊತ್ತುಮಾಡಿದ ‘ಶಿಸ್ತು’ ಇಲ್ಲಿಂದಲೇ ಹೊರಟದ್ದು. ಮೆಣಸು, ಅಕ್ಕಿ ಹೊತ್ತ ಹೇರೆತ್ತುಗಳ ಸಾಲು ಘಾಟಿ ಇಳಿದು ಬಸರೂರಿನಂಥ ಬಂದರುಗಳಿಗೆ ಹೋಗುತ್ತಿತ್ತು, ಪೋರ್ಚುಗೀಸರು ಆ ಮೆಣಸಿಗಾಗಿ ಕೆಳದಿಯವರ ಜೊತೆ ಕಾದಾಡಿದ್ದೂ ಉಂಟು, ಒಪ್ಪಂದ ಮಾಡಿಕೊಂಡದ್ದೂ ಉಂಟು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಆಮೇಲೆ ವ್ಯಾಪಾರ ಬೇರೆ ದಾರಿ ಹಿಡಿಯಿತು, ರಾಜಧಾನಿ ಹಳ್ಳಿಯಾಯಿತು, ಇಪ್ಪತ್ತನೆಯ ಶತಮಾನದಲ್ಲಿ ಸುತ್ತಲಿನ ಕಣಿವೆಗಳಿಗೆ ಚಕ್ರಾ, ಸಾವೇಹಕ್ಕಲು ಜಲಾಶಯಗಳ ನೀರು ಬಂತು. ಒಂದು ಕಾಲಕ್ಕೆ ಈ ಸೀಮೆಯಲ್ಲೇ ಅತ್ಯಂತ ಗದ್ದಲದ ರಸ್ತೆಯಾಗಿದ್ದುದರಲ್ಲಿ ಈಗ ಮಧ್ಯಾಹ್ನ ಗಂಟೆಗಟ್ಟಲೆ ತುಳಿದರೂ ಎದುರಿಗೆ ಬರುವುದು ದನ ಹೊಡೆದುಕೊಂಡು ಬರುವ ಹುಡುಗ, ಹಾಲಿನ ಡಬ್ಬಿ ಕಟ್ಟಿಕೊಂಡ ಮೊಪೆಡ್. ಊರಿನ ಹೊರಗೆ ಕೆಳದಿ ಕಾಲದ ದೇವಗಂಗೆ ಕೊಳವಿದೆ. ಬೆಟ್ಟದ ನೀರನ್ನು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಸಿ ಕಟ್ಟಿದ ಆ ಕಲ್ಲಿನ ಕೆಲಸವನ್ನು ನೋಡಲು ಒಂದು ಗಂಟೆಯಾದರೂ ಇಟ್ಟುಕೊಳ್ಳಿ.

ಸಂಪೆಕಟ್ಟೆ, ನಿಟ್ಟೂರು. ಎಡಕ್ಕೆ 1,343 ಮೀಟರಿನ ಕೊಡಚಾದ್ರಿ. ನಂತರ ತುಮರಿಯ ಸೀಮೆ, ಶರಾವತಿಯ ಹಿನ್ನೀರು.

ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ಅದಕ್ಕೂ ಮೊದಲು, 1948ರಲ್ಲಿ, ಇದೇ ಶರಾವತಿಗೆ ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದ್ದರು. ಲಿಂಗನಮಕ್ಕಿಯ ನೀರಿನಲ್ಲಿ ಆ ಅಣೆಕಟ್ಟೆಯೂ ಮುಳುಗಿತು. ಬೇಸಿಗೆಯಲ್ಲಿ ನೀರು 1,819 ಅಡಿಯ ಪೂರ್ಣ ಮಟ್ಟದಿಂದ ಬಹಳ ಕೆಳಗಿಳಿದಾಗ ಅದು ಎದ್ದು ಕಾಣುತ್ತದೆ, ಅದರ ಜೊತೆಗೆ ಹಳೆಯ ರಸ್ತೆಗಳೂ. ಈ ಭಾಗದಲ್ಲಿ ಸೈಕಲ್ ತುಳಿಯುವಾಗ ಟಾರು ರಸ್ತೆಯಿಂದ ಕವಲೊಡೆದ ಮಣ್ಣಿನ ದಾರಿಯೊಂದು ನೇರ ನೀರಿನೊಳಗೆ ಇಳಿದು ಹೋಗುವುದನ್ನು ಕಾಣಬಹುದು. ಅದರ ಆಚೆ ತುದಿಯಲ್ಲಿ ಊರಿತ್ತು. ನಾಡಿಗೆ ಬೆಳಕು ಕೊಟ್ಟ ನೀರಿಗಾಗಿ ಎದ್ದು ಹೋದವರು ಸಾಗರ, ಶಿವಮೊಗ್ಗದ ಸುತ್ತಮುತ್ತ ಚದುರಿದರು, ಭೂಮಿಯ ಹಕ್ಕಿನ ಕಾಗದಕ್ಕಾಗಿ ಅವರ ಮೊಮ್ಮಕ್ಕಳು ಈಗಲೂ ಅಲೆಯುತ್ತಿದ್ದಾರೆ. ಹೋಗದೆ ಉಳಿದವರು, ಹಿನ್ನೀರಿನ ಆಚೆ ಸಿಕ್ಕಿಕೊಂಡ ಕರೂರು, ಬಾರಂಗಿ ಹೋಬಳಿಯವರು, ತಾಲ್ಲೂಕು ಕೇಂದ್ರಕ್ಕೆ ಬರಲು ಲಾಂಚ್ ಕಾಯುತ್ತ ಬದುಕಿದರು.

ಆ ಲಾಂಚ್ ಸೈಕಲ್ ಪ್ರವಾಸಿಗಳ ಕನಸಾಗಿತ್ತು. ಹೊಳೆಬಾಗಿಲಿನಲ್ಲಿ ಬಸ್ಸು, ಕಾರುಗಳ ನಡುವೆ ಸೈಕಲ್ ನಿಲ್ಲಿಸಿಕೊಂಡು ಆ ದಡ ಸೇರಿದರೆ, ಒಂದು ಲಾಂಚಿಗೂ ಇನ್ನೊಂದಕ್ಕೂ ನಡುವೆ ರಸ್ತೆ ಪೂರ್ತಿ ನಿಮ್ಮದಾಗಿರುತ್ತಿತ್ತು. ರಾತ್ರಿ ಲಾಂಚ್ ಇರುತ್ತಿರಲಿಲ್ಲ, ಆದ್ದರಿಂದ ರಾತ್ರಿ ಸಂಚಾರವೂ ಇರುತ್ತಿರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಸುಮಾರು 2.4 ಕಿಲೋಮೀಟರ್ ಉದ್ದದ, ಕೇಬಲ್‌ಗಳಿಂದ ತೂಗಿದ ಸೇತುವೆ. ಸಿಗಂದೂರಿಗೂ ಅಲ್ಲಿಂದ ಕೊಲ್ಲೂರಿಗೂ ಈಗ ವಾಹನಗಳ ಸಾಲು.

ಸೈಕಲ್ ಗೆಳೆಯರ ನಡುವೆ ಈ ಸೇತುವೆಯ ಮಾತು ಬಂದಾಗ ‘ಒಳ್ಳೆಯ ದಾರಿಯೊಂದು ಹೋಯಿತು’ ಎಂಬ ನಿಟ್ಟುಸಿರು ಕೇಳುತ್ತೇನೆ. ಆ ನಿಟ್ಟುಸಿರಿಗೆ ನಾನು ದನಿಗೂಡಿಸಲಾರೆ. ಹೆರಿಗೆ ನೋವಿನ ಹೆಂಗಸನ್ನು ನಡುರಾತ್ರಿ ದಡದಲ್ಲಿ ಕೂರಿಸಿಕೊಂಡು ಲಾಂಚ್ ತರಿಸಲು ಪರದಾಡಿದವರ ಊರು ಅದು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚ್ ವಾಹನ ಹತ್ತಿಸಿಕೊಳ್ಳುವುದನ್ನೂ ನಿಲ್ಲಿಸುತ್ತಿತ್ತು. ಆರು ದಶಕ ಅವರು ಕಾದದ್ದು ನಮ್ಮ ನೆಮ್ಮದಿಯ ಸವಾರಿಗಾಗಿ ಅಲ್ಲ. ಹಾಗೆಂದು ಎಲ್ಲ ರಸ್ತೆ ಕೆಲಸಕ್ಕೂ ನಾನು ತಲೆಯಾಡಿಸುವುದಿಲ್ಲ. ಶರಾವತಿ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ಮರ ಕಡಿದು ದಾರಿ ಮಾಡುವುದನ್ನು ಅಲ್ಲಿನವರು ವಿರೋಧಿಸುತ್ತಿದ್ದಾರೆ, ಅವರ ಜೊತೆ ನಾನೂ ಇದ್ದೇನೆ. ತುಮರಿಯವರು ಕೇಳಿದ್ದು ಒಂದು ಸೇತುವೆ. ಈ ಕಣಿವೆಯವರು ಆ ಯೋಜನೆಯನ್ನು ಕೇಳಿರಲಿಲ್ಲ.

ಈಗ ಹೋಗುವವರು ವಾರಾಂತ್ಯ, ಹುಣ್ಣಿಮೆ, ಸಂಕ್ರಾಂತಿಯ ಜಾತ್ರೆ ಬಿಟ್ಟು ಹೋಗಿ. ಸಿಗಂದೂರಿನ ಮುಖ್ಯ ರಸ್ತೆಯಲ್ಲಿ ಹೆಚ್ಚು ಹೊತ್ತು ಇರದೆ ತುಮರಿ, ಬ್ಯಾಕೋಡಿನ ಒಳಗಿನ ಊರುಗಳಿಗೆ ತಿರುಗಿ. ಅಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಬೇಗ ಸೇತುವೆ ದಾಟಿದರೆ ಬಿಸಿಲೇರುವ ಮುಂಚೆ ಸಾಗರ. ಊರು ಹೊಗುವ ಮೊದಲು ಇಕ್ಕೇರಿಯ ಅಘೋರೇಶ್ವರನ ಗುಡಿಗೆ ಸೈಕಲ್ ತಿರುಗಿಸಿ. ಸಾಗರದಿಂದ ಬೆಂಗಳೂರು, ಮೈಸೂರುಗಳಿಗೆ ರೈಲು ಇದೆ. ಲಗೇಜ್ ವ್ಯಾನಿನಲ್ಲಿ ಸೈಕಲ್ ಹಾಕಿಸಬೇಕಾದರೆ ರೈಲು ಹೊರಡುವ ಬಹಳ ಮುಂಚೆಯೇ ನಿಲ್ದಾಣಕ್ಕೆ ಹೋಗಿ ಬುಕ್ ಮಾಡಿ, ಪೆಡಲ್ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ.